ಕಾಬೂಲ್ ಮಾಮನ ಉಪ್ಪು

ಟೀವಿಯಲ್ಲಿ ಹೊಗೆ ಕಂಡ ಕೂಡಲೇ ರಮಾನಾಥನಿಗೆ ಮೊದಲು ಹೊಳೆದದ್ದು ಇವತ್ತು ಕುರ್ಲಾದ ಶೆಡ್ಡಿನಲ್ಲಿ ರಶ್ ಇರುತ್ತದೆ ಎಂದು. ಮನೀಶನ ಮುಖ ಕಣ್ಣಮುಂದೆ ಬಂದದ್ದು ಆಮೇಲೆ. ಥೂ, ಇದೆಂಥ ಬುದ್ಧಿ, ತಂಗಿಯ ಮಗನ ಮುಖ ಮೊದಲು ಬರಬೇಕಿತ್ತಲ್ಲ ಎಂದು ತನ್ನನ್ನೇ ಬೈದುಕೊಳ್ಳುವಷ್ಟರಲ್ಲಿ ಕೈಯಲ್ಲಿದ್ದ ಚಹಾಕ್ಕೆ ಕೆನೆ ಕಟ್ಟಿತ್ತು. ಮರುಭೂಮಿ, ಸಾಲು ಡೇರೆಗಳು, ಹಿಂದೆ ಏಳುತ್ತಿದ್ದ ಕಪ್ಪು ಹೊಗೆ. ಕೆಳಗೆ ಓಡುವ ಅಕ್ಷರಗಳಲ್ಲಿ ವಿದೇಶಿ ಸೇನೆಯ ಕ್ಯಾಂಪಿನ ಮೇಲೆ ಡ್ರೋನ್ ದಾಳಿ ಎಂದಿತ್ತು. ಬ್ಯಾಂಡು ಬಾರಿಸಿ, ಧ್ವಜ ಇಳಿಸಿ, ಇನ್ನು ನಿಮ್ಮ ದೇಶ ನಿಮಗೆ ಎಂದು ಕೈಕುಲುಕಿ ಹೊರಟುಹೋಗಿದ್ದ ಸೈನ್ಯವೇ ಈಗ ಬೇರೆ ಹೆಸರಿಟ್ಟುಕೊಂಡು, ತರಬೇತಿ ಕೊಡಲಿಕ್ಕೆ ಬಂದಿದ್ದೇವೆ ಎಂದುಕೊಂಡು, ಅದೇ ಜಾಗಕ್ಕೆ ವಾಪಸು ಬಂದಿತ್ತು. ಸೈನ್ಯ ಬಂತೆಂದರೆ ಅದರ ಹೊಟ್ಟೆಯೂ ಬಂತು. ಹೊಟ್ಟೆ ಬಂತೆಂದರೆ ಮುಂಬಯಿಯಲ್ಲಿ ಅಡಿಗೆಯವರ ಹುಡುಕಾಟ ಸುರು. ಹಾಗೆ ಹುಡುಕಿದವರನ್ನು ಒಲೆಯ ಮುಂದೆ ನಿಲ್ಲಿಸಿ, ಇವನ ಕೈ ಆದೀತು, ಇವನದು ಆಗದು ಎಂದು ಹೇಳುವುದೇ ರಮಾನಾಥನ ಕೆಲಸವಾಗಿತ್ತು. ಶಾಂತಿ ಮಾತುಕತೆಯ ಸುದ್ದಿ ಬಂದರೆ ಏಜೆನ್ಸಿಯ ಫೋನು ಸತ್ತು ಮಲಗುತ್ತಿತ್ತು. ಅಂಥ ದಿನಗಳಲ್ಲಿ ಅವನು ಸಯನ್ ಸ್ಟೇಷನ್ನಿನ ಬೆಂಚಿನ ಮೇಲೆ ಪೇಪರು ಹಿಡಿದು ಕೂತು, ಎರಡು ಕಡೆಯ ದೊಡ್ಡವರು ನಗುತ್ತ ನಿಂತ ಫೋಟೋ ನೋಡಿ, ಒಳಗೊಳಗೇ ಶಾಂತಿಗೆ ಶಾಪ ಹಾಕಿದ್ದೂ ಉಂಟು. ಯಾರ ಹತ್ತಿರವೂ ಆಡುವ ಮಾತಲ್ಲ ಅದು. ಆದರೆ ಆಡದಿದ್ದ ಮಾತ್ರಕ್ಕೆ ಇಲ್ಲ ಎಂದಾಗುತ್ತದೆಯೇ?

ತಂಗಿ ವಿನೋದಿನಿ ಬಂದು ಟೀವಿಯ ಸದ್ದು ಕಡಿಮೆ ಮಾಡಿದಳು. ಆರಿಸಲಿಲ್ಲ. ಗಂಡ ತೀರಿಹೋದ ಮೇಲೆ ಮಗನನ್ನು ಕಟ್ಟಿಕೊಂಡು ಅಣ್ಣನ ಫ್ಲ್ಯಾಟಿಗೆ ಬಂದವಳು, ಅಂದಿನಿಂದ ಈ ಮನೆಯಲ್ಲಿ ಒಂದು ಪಾತ್ರೆಯನ್ನೂ ಸದ್ದಾಗುವಂತೆ ಇಟ್ಟವಳಲ್ಲ. ‘ಅಣ್ಣ, ಇದು ಮನೀಶ ಹೋಗುವ ಜಾಗ ಅಲ್ಲ ಅಲ್ವಾ?’ ಎಂದು ಕೇಳಿದಳು. ‘ಅದೆಲ್ಲ ದೂರ ಮಾರಾಯ್ತಿ. ದೇಶ ಅಂದ್ರೆ ಎಂತ, ಸಯನ್ನಿಂದ ಮಾಟುಂಗಾ ಅಂತ ಮಾಡಿದ್ಯಾ?’ ಎಂದ ರಮಾನಾಥ. ಹೊಗೆ ಏಳುತ್ತಿದ್ದ ಡೇರೆ ಊಟದ ಡೇರೆ ಎಂಬುದು ಅವನಿಗೆ ಅದರ ಅಗಲ ನೋಡಿಯೇ ಗೊತ್ತಾಗಿತ್ತು. ‘ಅಲ್ಲ, ನೀನು ಹೋಗಿ ಬಂದವ. ನೀನು ಎಂತ ಹೇಳ್ತಿಯೋ ಅದೇ,’ ಎಂದು ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. ಊರಿನ ಕಡೆ ಅವರದು ಅಳಿಯಕಟ್ಟಿನ ಮನೆತನ. ತಾಯಿಯ ಅಣ್ಣನ ಮಾತೇ ಕೊನೆಯ ಮಾತು, ಅವನ ಆಸ್ತಿಯೂ ಅವನ ಹೆಸರೂ ತಂಗಿಯ ಮಕ್ಕಳಿಗೆ. ಮುಂಬಯಿಗೆ ಬಂದು ಎಲ್ಲ ಬಿಟ್ಟಿತು, ಈ ಒಂದು ಬಿಡಲಿಲ್ಲ. ಮದುವೆಯಾಗದ ರಮಾನಾಥನಿಗೆ ಹಿಂದೆ ಮುಂದೆ ಇದ್ದವನು ಮನೀಶ ಒಬ್ಬನೇ. ಬೇಡ ಎಂಬ ಒಂದು ಮಾತು ಅವನ ಬಾಯಿಂದ ಬಂದರೆ ಸಾಕು, ವಿನೋದಿನಿ ಆ ಕ್ಷಣವೇ ದೇವರ ಮುಂದೆ ದೀಪ ಹಚ್ಚುತ್ತಾಳೆ. ಅದಕ್ಕೇ ಅವಳು ಅಣ್ಣನ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ರಮಾನಾಥ ಆ ಬಾಯಿಗೆ ತಣ್ಣಗಾದ ಚಹಾ ಹೊಯ್ದುಕೊಂಡು ಎದ್ದ.

ಬೇಡ ಅಂದರೆ ಯಾಕೆ ಬೇಡ ಎಂದು ಹೇಳಬೇಕಾಗುತ್ತದಲ್ಲ. ಬಿಲ್ಡಿಂಗಿನಲ್ಲಿ ಅವನ ಹೆಸರು ಎಷ್ಟು ಜನಕ್ಕೆ ಗೊತ್ತೋ, ಎಲ್ಲರ ಬಾಯಲ್ಲೂ ಅವನು, ಕಾಬೂಲಿನ ಸೈನ್ಯದ ಕ್ಯಾಂಪಿನಲ್ಲಿ ಅಡಿಗೆ ಮಾಡಿ ಬಂದವನು, ಕಾಬೂಲ್ ಮಾಮ. ಗಣಪತಿ ಪೆಂಡಾಲಿನಲ್ಲಿ ಪ್ರಸಾದದ ಕಡಾಯಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತು ಅವನು ಹೇಳುತ್ತಿದ್ದ ಕಥೆಗಳು ಒಂದೇ ಎರಡೇ! ಆರಡಿ ಎತ್ತರದ ಬಿಳಿ ಸೈನಿಕರು ತಟ್ಟೆ ಹಿಡಿದು ಅವನ ದಾಲಿಗೆ ಸಾಲು ನಿಂತದ್ದು. ಜನರಲ್ ಒಬ್ಬ ಅಡಿಗೆಮನೆಗೇ ಬಂದು ಬೆನ್ನು ತಟ್ಟಿದ್ದು. ರುಚಿ ನೋಡದೆ ಅಡಿಗೆ ಮಾಡುವ ಈ ಮನುಷ್ಯನ ಉಪ್ಪು ಇವತ್ತಾದರೂ ತಪ್ಪುತ್ತದೋ ಎಂದು ಅವರು ತಮ್ಮತಮ್ಮಲ್ಲೇ ಪಂಥ ಕಟ್ಟಿ, ಪಂಥ ಕಟ್ಟಿದವರೆಲ್ಲ ಸೋತದ್ದು. ಈ ಕೊನೆಯದು ಸುಳ್ಳಲ್ಲ. ಮಾಟುಂಗಾದ ಹೋಟೆಲಿನಲ್ಲಿ ಅವನಿಗೆ ಸೌಟು ಹಿಡಿಯಲು ಕಲಿಸಿದ ಭಟ್ಟರು ದೇವಸ್ಥಾನದ ಅಡಿಗೆಯವರು. ಬಡಿಸುವ ಮೊದಲು ನಾಲಿಗೆಗೆ ಇಟ್ಟರೆ ಅದು ಎಂಜಲು, ಎಂಜಲು ಬಡಿಸಿದವನ ಕೈ ಬಿದ್ದುಹೋಗಲಿ ಎನ್ನುವವರು. ಉಪ್ಪನ್ನು ಮೂಗು ಹೇಳಬೇಕು, ಕುದಿಯ ನೊರೆ ಹೇಳಬೇಕು, ಕೈ ಹೇಳಬೇಕು. ನಾಲಿಗೆಗೆ ಅಲ್ಲಿ ಕೆಲಸವಿಲ್ಲ. ಅದನ್ನೇ ರಮಾನಾಥ ಮನೀಶನಿಗೂ ಕಲಿಸಿದ್ದ. ಇನ್ನು ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಹೋದ ಆ ಗಾಯದ ಗೆರೆ? ‘ಎಣ್ಣೆ ಮಾರಾಯ್ರೆ. ಪೂರಿ ಕರಿಯುವಾಗ ಬಾಣಲೆ ಮಗುಚಿತು,’ ಎಂದು ನಗುತ್ತಿದ್ದ. ಕೇಳಿದವರೂ ನಗುತ್ತಿದ್ದರು. ಹೋದ ಗಣಪತಿಯಲ್ಲಿ ಅದೇ ಕುರ್ಚಿಯಲ್ಲಿ ಕೂತು, ಅಷ್ಟು ಜನರ ಮುಂದೆ, ಮೂಲೆಯಲ್ಲಿ ಫೋನು ನೋಡುತ್ತಿದ್ದ ಮನೀಶನಿಗೆ ಹೇಳಿಬಿಟ್ಟಿದ್ದ: ‘ಒಂದು ಸೈನ್ಯಕ್ಕೇ ಅನ್ನ ಹಾಕಿದ ಮನೆ ಇದು. ಇವ ನೋಡಿ, ಹೋಟೆಲ್ ಗಲ್ಲಾದಲ್ಲಿ ಕೂತು ಬೆರಳು ಸವೆಸ್ತಾನೆ!’ ಹುಡುಗನ ಕಿವಿ ಕೆಂಪಾದದ್ದನ್ನು ನೋಡಿಯೂ ನೋಡದವನಂತೆ ಮೋದಕ ಮುರಿದಿದ್ದ. ಆಮೇಲೆ ಒಂದು ದಿನ ಏಜೆನ್ಸಿಯ ಸ್ನೇಹಲ್ ಮೇಡಂ ಫೋನು ಮಾಡಿ, ನಿಮ್ಮ ಭಾಂಜಾ ಮನೀಶ ಬಂದು ಹೆಸರು ಕೊಟ್ಟು ಹೋದ, ಶಾಬಾಸ್ ಎಂದಾಗ ಒಂದು ಗಳಿಗೆ ಎದೆ ಉಬ್ಬಿದ್ದು ನಿಜ. ಆವತ್ತಿನಿಂದ ಸರಿಯಾಗಿ ನಿದ್ದೆಯಿಲ್ಲ.

ಕುರ್ಲಾದ ಲೋಕಲಿನಲ್ಲಿ ಬಾಗಿಲ ಬಳಿ ಒತ್ತಿಕೊಂಡು ನಿಂತಾಗ ಅವನು ನಿರ್ಧಾರ ಮಾಡಿದ. ಹುಡುಗನನ್ನು ಫೇಲ್ ಮಾಡುವುದು. ಬಾಯಲ್ಲಿ ಹೇಳಲಾಗದ್ದನ್ನು ಕೈ ಹೇಳಲಿ. ಮನೀಶನಿಗೂ ಗೊತ್ತಾಗಬಾರದು, ವಿನೋದಿನಿಗೂ ಗೊತ್ತಾಗಬಾರದು. ಇವತ್ತು ಕೈ ಕೆಟ್ಟಿತು, ಇನ್ನೊಂದು ಸಲ ನೋಡುವ ಎಂದು ಬೆನ್ನು ತಟ್ಟಿ ಕರೆದುಕೊಂಡು ಬಂದರಾಯಿತು. ಪಕ್ಕದವನ ಬೆವರಿನ ತೋಳು ಗಾಯದ ಮೇಲೆ ಉಜ್ಜುತ್ತಿತ್ತು. ಈರುಳ್ಳಿಯ ವಾಸನೆ ಎಲ್ಲಿಂದಲೋ ಬಂತು. ಹಬೀಬನ ಈರುಳ್ಳಿ. ಕಾಬೂಲಿನ ಆ ಕ್ಯಾಂಪಿನಲ್ಲಿ ದಿನಾ ಮೂರು ಕಡೆ ಮೈ ತಡವಿಸಿಕೊಂಡು ಒಳಗೆ ಬಂದು, ಚಳಿಯಲ್ಲಿ ಮೂಟೆಯ ಮೇಲೆ ಕೂತು, ಕಣ್ಣಲ್ಲಿ ನೀರು ಸುರಿಸುತ್ತ ಈರುಳ್ಳಿ ಸುಲಿಯುತ್ತಿದ್ದ ಆ ಊರಿನ ಮನುಷ್ಯ. ಅಜ್ಜ ರಷ್ಯದವರಿಗೆ ರೊಟ್ಟಿ ಸುಟ್ಟಿದ್ದ, ಅಪ್ಪ ಅವರ ನಂತರ ಬಂದವರಿಗೆ, ಅವರನ್ನು ಓಡಿಸಿದವರಿಗೆ; ತಾನು ಈಗ ಇವರಿಗೆ ಎಂದು ಯಾರ ಮನೆಯದೋ ಸುದ್ದಿ ಎಂಬಂತೆ ಹೇಳುತ್ತಿದ್ದ. ಎಲ್ಲರೂ ನಮ್ಮನ್ನು ಉದ್ಧಾರ ಮಾಡಲಿಕ್ಕೇ ಬಂದದ್ದು ಉಸ್ತಾದ್, ಎಲ್ಲರಿಗೂ ಹಸಿವು ಮಾತ್ರ ಒಂದೇ ಥರ ಎನ್ನುತ್ತಿದ್ದ. ಅವನ ಮಗನೂ ಬರುತ್ತಿದ್ದನೇ ಕೆಲಸಕ್ಕೆ? ನೆನಪಾಗಲಿಲ್ಲ. ಮಧ್ಯಾಹ್ನದ ಊಟದ ಹೊತ್ತು, ಸಾಲು ನಿಂತಿತ್ತು, ರಮಾನಾಥ ದಾಲಿನ ಸೌಟು ಎತ್ತಿದ್ದ, ಸೌಟು ಗಾಳಿಯಲ್ಲಿದ್ದಾಗ ಆ ಸದ್ದು. ಮತ್ತೆ ಕಣ್ಣು ಬಿಟ್ಟಾಗ ಸ್ಟೀಲಿನ ಮೇಜಿನ ಅಡಿಯಲ್ಲಿ ಬಿದ್ದಿದ್ದ, ಹಳದಿ ದಾಲು ಕೆಂಪಾಗಿ ಹರಿದು ಮುಖದ ತನಕ ಬರುತ್ತಿತ್ತು. ಹಬೀಬ ತನ್ನ ತಲೆಯ ವಸ್ತ್ರ ಬಿಚ್ಚಿ ಇವನ ತೋಳಿಗೆ ಬಿಗಿಯುತ್ತ ಏನೇನೋ ಹೇಳುತ್ತಿದ್ದ, ಕಿವಿಗೆ ಏನೂ ಬೀಳುತ್ತಿರಲಿಲ್ಲ. ಕುರ್ಲಾ ಬಂತು, ಜನ ಅವನನ್ನು ಎತ್ತಿ ಪ್ಲಾಟ್‌ಫಾರ್ಮಿಗೆ ಹಾಕಿದರು.

ಶೆಡ್ಡು ಎಂದರೆ ಹಳೆಯ ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಾಳಿಗೆಯ ಉದ್ದ ಕೋಣೆ. ಸಾಲಾಗಿ ಗ್ಯಾಸಿನ ಒಲೆಗಳು, ಕೊನೆಯಲ್ಲಿ ಗಾಜು ಹಾಕಿದ ಸ್ನೇಹಲಳ ಕ್ಯಾಬಿನ್. ಮೆಟ್ಟಿಲಿನ ಮೇಲೆಲ್ಲ ಹುಡುಗರು ಕೂತಿದ್ದರು. ಇಷ್ಟು ಜನ! ಹೊಗೆ ನೋಡಿ ಓಡಿಹೋಗುವುದಿರಲಿ, ಹೊಗೆ ನೋಡಿಯೇ ಬಂದವರಂತೆ ಇದ್ದರು. ‘ಆಯಿಯೇ ಮಾಮಾ, ಕ್ಲೈಂಟ್ ಸುಬಹ್ ಸೇ ಆಕೇ ಬೈಠಾ ಹೈ,’ ಎಂದಳು ಸ್ನೇಹಲ್, ಕೊರಳಲ್ಲಿ ಎರಡು ಫೋನು ನೇತುಹಾಕಿಕೊಂಡು. ಕ್ಯಾಂಪುಗಳಿಗೆ ಊಟದ ಗುತ್ತಿಗೆ ಹಿಡಿದ ಕಂಪೆನಿಯ ಪರವಾಗಿ ದುಬೈಯಿಂದ ಬಂದಿದ್ದ ಆ ಕ್ಲೈಂಟು, ಒಬ್ಬ ಬಿಳಿಯ, ಬೆಳಗಿನಿಂದಲೇ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ರಮಾನಾಥ ಯಾವತ್ತೂ ಕೂರುವ ಕುರ್ಚಿಯಲ್ಲಿ ಆ ಮನುಷ್ಯನ ಚೀಲ ಕೂತಿತ್ತು. ತೆಗೆಯಿರಿ ಎನ್ನಲು ಬಾಯಿ ಬರಲಿಲ್ಲ. ಕಾಬೂಲ್ ಮಾಮ ಒಂದು ಚೀಲಕ್ಕೆ ಕುರ್ಚಿ ಬಿಟ್ಟುಕೊಟ್ಟು, ಇದೇ ತನಗಿಷ್ಟ ಎಂಬಂತೆ ಗೋಡೆಗೆ ಒರಗಿ ನಿಂತ. ಬೇಕಾದದ್ದು ಹತ್ತು ಜನ, ಇವತ್ತು ಸಂಜೆಯೊಳಗೆ ಪಾಸ್‌ಪೋರ್ಟು ಅವನ ಕೈಗೆ, ಈ ವಾರವೇ ವಿಮಾನ ಎಂದು ಸ್ನೇಹಲ್ ಹೇಳಿದಳು. ಟೀವಿ ನೋಡಿದಿರಾ ಎಂದು ಇವನು ಕೇಳಿದ. ‘ದೇಖಾ ನಾ. ಇಸೀಲಿಯೇ ತೋ ಅರ್ಜಂಟ್ ಹೈ,’ ಎಂದಳು. ಇದ್ದ ಅಡಿಗೆಯವರಲ್ಲಿ ಕೆಲವರು ರಾತ್ರಿಯೇ ಕೆಲಸ ಬಿಟ್ಟಿದ್ದರಂತೆ. ಕೆಲವರು ಬಿಟ್ಟರೋ, ಇಲ್ಲವಾದರೋ, ಅವಳು ಹೇಳಲಿಲ್ಲ, ಇವನೂ ಕೇಳಲಿಲ್ಲ.

ಪರೀಕ್ಷೆ ಒಂದೇ: ಕ್ಯಾಂಪಿನ ಕೂಲಿಯಾಳುಗಳ ಮೆಸ್ಸಿಗೆ ಆಗುವಂಥ ದಾಲು, ದೊಡ್ಡ ಪಾತ್ರೆಯಲ್ಲಿ. ಬೆಳಗಿನ ಸರದಿಯಲ್ಲಿ ಒಬ್ಬ ವಿಜಯಪುರದ ಕಡೆಯವನು, ಭೀಮರಾಯ, ಒಲೆಯ ಮುಂದೆ ನಿಲ್ಲುವ ಮೊದಲು ಒಲೆಗೇ ಕೈಮುಗಿದ. ಕಾಂದಿವಲಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡಿಗೆ ಮಾಡುತ್ತಿದ್ದವನು, ಕ್ಯಾಂಟೀನು ಮುಚ್ಚಿದ ಮೇಲೆ ಕುರ್ಲಾದ ಚಾಳಿನಲ್ಲಿ ತಾಯಿಯ ಜೊತೆ ಇದ್ದ. ‘ಕೈ ನಡುಗ್ತಾ ಉಂಟಲ್ಲ ಮಾರಾಯ?’ ಎಂದ ರಮಾನಾಥ. ‘ಹಸದೀನ್ರಿ ಸರ, ಹೆದರಿಲ್ರಿ,’ ಎಂದು ಅವನು ಹಲ್ಲು ಕಿರಿದ. ದಾಲು ಚೆನ್ನಾಗಿಯೇ ಇತ್ತು, ಒಗ್ಗರಣೆ ಸ್ವಲ್ಪ ಕರಕಲು. ಹತ್ತರ ಪಟ್ಟಿ ತುಂಬುತ್ತ ಬಂದಿದ್ದರಿಂದ ಅವನನ್ನು ಸ್ಟ್ಯಾಂಡ್‌ಬೈ ಎಂದು ಬರೆಸಿದ. ಭೀಮರಾಯನಿಗೆ ಆ ಇಂಗ್ಲಿಷ್ ಶಬ್ದದ ಅರ್ಥ ಆಯಿತೋ ಇಲ್ಲವೋ, ಹಾಗಾದರೆ ಕೆಳಗೇ ಕೂತಿರುತ್ತೇನೆ ಎಂದು ಹೇಳಿ ಇಳಿದು ಹೋದ.

ಮನೀಶ ಬಂದದ್ದು ಕೊನೆಯ ಸರದಿಗೆ. ಬೆಳಿಗ್ಗೆ ಮನೆಯಿಂದ ಒಟ್ಟಿಗೆ ಹೊರಡಲು ಇಬ್ಬರಿಗೂ ಆಗಿರಲಿಲ್ಲ. ಅವನು ಎದ್ದೇ ಇರಲಿಲ್ಲವೋ, ಎದ್ದು ಹಾಸಿಗೆಯಲ್ಲೇ ಇದ್ದನೋ. ಮಾಮನ ಕಡೆ ನೋಡದೆ ಏಪ್ರನ್ ಕಟ್ಟಿಕೊಂಡ. ರಮಾನಾಥ ಅವನ ಕೈಯನ್ನೇ ನೋಡಿದ. ಬೇಳೆ ತೊಳೆಯುವಾಗ ಬೆರಳು ಆಡಿಸುವ ರೀತಿ, ಅರಿಶಿನ ಹಾಕಿ ಎರಡು ಹೆಜ್ಜೆ ಹಿಂದೆ ನಿಲ್ಲುವ ರೀತಿ, ನೊರೆ ತೆಗೆಯುವಾಗ ಕತ್ತು ಓರೆ ಮಾಡುವ ರೀತಿ, ಅಯ್ಯೋ, ಎಲ್ಲ ತನ್ನದೇ. ಇಷ್ಟು ಚೆನ್ನಾಗಿ ಯಾವಾಗ ಕಲಿತ? ಹೆಮ್ಮೆಯಾಯಿತು, ಆ ಹೆಮ್ಮೆಯ ಹಿಂದೆಯೇ ಹಬೀಬ ನೆನಪಾದ. ಹಬೀಬ ಹೇಳಿದ್ದ, ನನ್ನ ಅಜ್ಜನ ರೊಟ್ಟಿಯ ಹಲಗೆ ನನ್ನ ಹತ್ತಿರ ಇದೆ ಉಸ್ತಾದ್, ಸೈನ್ಯಗಳು ಬದಲಾದವು, ಹಲಗೆ ಅದೇ. ಕೊತ್ತಂಬರಿ ತರಲೆಂದು ಮನೀಶ ಆಚೆಯ ಮೇಜಿಗೆ ಹೋದ. ಕ್ಲೈಂಟು ಫೋನಿನಲ್ಲಿದ್ದ, ಸ್ನೇಹಲ್ ಗಾಜಿನ ಹಿಂದೆ. ರಮಾನಾಥ ಗೋಡೆ ಬಿಟ್ಟು ಬಂದು, ದಾಲು ಎಷ್ಟು ಮಂದ ಇದೆ ಎಂದು ನೋಡುವವನಂತೆ ಸೌಟು ಕೈಗೆತ್ತಿಕೊಂಡ. ಉಪ್ಪಿನ ಡಬ್ಬಿ ಬಲಕ್ಕೇ ಇತ್ತು. ಈ ಹುಡುಗನ ಉಪ್ಪು ಎಂದೂ ತಪ್ಪುವುದಿಲ್ಲ, ಆದ್ದರಿಂದ ಪಾತ್ರೆಯಲ್ಲಿ ಸರಿಯಾದ ಉಪ್ಪು ಆಗಲೇ ಇದೆ; ಇನ್ನೂ ಅಷ್ಟೇ ಬಿದ್ದರೆ ನಾಯಿಯೂ ಮೂಸದು. ಕೈ ಹಾಕಿದ. ಎಷ್ಟೆಂದು ಯೋಚಿಸಲಿಲ್ಲ, ಆ ಅಳತೆಯ ಪಾತ್ರೆಗೆ ವರ್ಷಗಟ್ಟಲೆ ಹಾಕಿ ಅಭ್ಯಾಸವಾಗಿದ್ದ ಕೈ ತನಗೆ ಗೊತ್ತಿದ್ದಷ್ಟನ್ನೇ ತೆಗೆದುಕೊಂಡಿತು. ಒಂದು ಸುತ್ತು ಕಲಸಿದ. ಒಂದು ಹನಿ ನಾಲಿಗೆಗೆ ಇಟ್ಟು ನೋಡಿದ್ದರೆ ಮುಗಿಯುತ್ತಿತ್ತು. ಆದರೆ ಭಟ್ಟರ ಶಿಷ್ಯ ಬಡಿಸುವ ಮೊದಲು ನಾಲಿಗೆಗೆ ಇಡುವವನಲ್ಲವಲ್ಲ! ಸೌಟು ಕೆಳಗಿಟ್ಟ. ಮರಳಿ ಗೋಡೆಗೆ ಒರಗಿದಾಗ, ಮಾಡಬಾರದ್ದು ಮಾಡಿದೆ ಅನ್ನಿಸಿತು. ಮಾಡಬೇಕಾದ್ದು ಮಾಡಿದೆ ಎಂದೂ ಅನ್ನಿಸಿತು. ಇನ್ನೊಬ್ಬರ ಮನೆಯೊಳಗೆ ಕೈಹಾಕುವವರಿಗೆಲ್ಲ ಹೀಗೇ ಅನ್ನಿಸುತ್ತದೋ ಏನೋ.

ಕ್ಲೈಂಟು ಪ್ಲಾಸ್ಟಿಕ್ ಚಮಚದಲ್ಲಿ ಅದ್ದಿ ಬಾಯಿಗಿಟ್ಟುಕೊಂಡ. ಮನೀಶ ನೆಲ ನೋಡುತ್ತಿದ್ದ. ಆ ಬಿಳಿಯ ಇನ್ನೊಂದು ಚಮಚ ತೆಗೆದುಕೊಂಡ, ಹುಬ್ಬು ಏರಿಸಿದ, ಮೂರನೆಯ ಸಲ ಚಮಚ ಬಿಟ್ಟು ಬಟ್ಟಲಿಗೇ ಹಾಕಿಸಿಕೊಂಡ. ‘ದಿಸ್ ಒನ್,’ ಎಂದ. ಬೆಳಗಿನಿಂದ ತಿಂದದ್ದರಲ್ಲಿ ಇದೇ ಅಡಿಗೆ, ಮೊದಲ ಹೆಸರು ಇವನದೇ ಇರಲಿ ಎಂದು ಸ್ನೇಹಲಳಿಗೆ ಹೇಳಿ, ರಮಾನಾಥನ ಕಡೆ ತಿರುಗಿ ‘ಯುವರ್ ಬಾಯ್, ಅಂಕಲ್?’ ಎಂದು ನಕ್ಕ. ರಮಾನಾಥನ ಮುಖದಲ್ಲೂ ಒಂದು ನಗು ಬಂತು. ಇಷ್ಟು ವರ್ಷ ಬಿಳಿಯರು ನಕ್ಕಾಗಲೆಲ್ಲ ನಕ್ಕ ಮುಖ, ಈಗ ಬೇಡವೆಂದರೆ ಕೇಳುತ್ತದೆಯೇ? ಮನೀಶ ಮಾತ್ರ ಪೆಟ್ಟು ತಿಂದವನಂತೆ ಪಾತ್ರೆಯನ್ನೇ ನೋಡುತ್ತಿದ್ದ. ಸ್ನೇಹಲ್ ಅವನ ಪಾಸ್‌ಪೋರ್ಟು ತೆಗೆದುಕೊಂಡು ರಬ್ಬರ್ ಬ್ಯಾಂಡು ಹಾಕಿದ ಕಟ್ಟಿನ ಮೇಲೆ ಇಟ್ಟಳು. ಎಲ್ಲ ಅಷ್ಟು ಬೇಗ ಆಗಿಹೋಯಿತು.

ಕುರ್ಲಾ ಸ್ಟೇಷನ್ನಿನ ಬ್ರಿಡ್ಜಿನ ಮೇಲೆ ಇಬ್ಬರೂ ಸಯನ್ನಿನ ಗಾಡಿಗೆಂದು ನಡೆದರು. ನಡುವಿನಲ್ಲಿ ಮನೀಶ ನಿಂತ. ಹಿಂದಿನವರು ಬೈದು ಪಕ್ಕಕ್ಕೆ ಸರಿದು ಹೋದರು. ‘ಮಾಮ, ಸಚ್ ಹೇಳಿ. ದಾಲಿಗೆ ಉಪ್ಪು ಹಾಕಿದ್ದು ನೀವಾ?’ ಎಂದ. ರಮಾನಾಥನಿಗೆ ಸುಳ್ಳು ಹೇಳುವ ಶಕ್ತಿ ಇರಲಿಲ್ಲ. ‘ಹೂಂ,’ ಎಂದ. ‘ಹೆಚ್ಚಾಗಲಿ ಅಂತ ಹಾಕಿದೆ.’ ಮನೀಶ ಕಂಬಿ ಹಿಡಿದುಕೊಂಡ. ನಗುತ್ತಿದ್ದಾನೋ ಅಳುತ್ತಿದ್ದಾನೋ ಗೊತ್ತಾಗಲಿಲ್ಲ. ‘ನಾನು ಹಾಕೇ ಇರ್ಲಿಲ್ಲ ಮಾಮ. ಜಾನ್‌ಬೂಝ್‌ಕೆ ಹಾಕ್ಲಿಲ್ಲ. ಫೇಲ್ ಆಗ್ಬೇಕಿತ್ತು ನಂಗೆ.’ ಕೆಳಗೆ ಗಾಡಿಯೊಂದು ಕಿರುಚಿಕೊಂಡು ಹೋಯಿತು. ‘ಹೇಳ್ಬಾರ್ದಿತ್ತಾ?’ ಎಂದ ರಮಾನಾಥ. ‘ಕೈಸೇ ಹೇಳೋದು? ಪೆಂಡಾಲಲ್ಲಿ ಎಲ್ಲರ ಮುಂದೆ ಹಾಗೆ ಹೇಳಿದ್ರಿ. ಡರ್ ಲಗ್ತಾ ಹೈ ಅಂದಿದ್ರೆ ನೀವು ಎಂತ ಹೇಳ್ತಿದ್ರಿ? ನಿಮಗೆ ಯಾವತ್ತೂ ಹೆದರಿಕೆನೇ ಆಗಿಲ್ವಲ್ಲ.’ ರಮಾನಾಥ ಅಂಗಿಯ ತೋಳು ಮೇಲಕ್ಕೆ ಮಡಚಿದ. ಆ ಜನಜಂಗುಳಿಯಲ್ಲಿ, ಸೊಪ್ಪು ಮಾರುವವಳ ಬುಟ್ಟಿಯ ಪಕ್ಕ, ಹುಡುಗನ ಕೈ ಹಿಡಿದು ತನ್ನ ಗಾಯದ ಗೆರೆಯ ಮೇಲೆ ಇಟ್ಟ. ‘ಇದು ಎಣ್ಣೆ ಅಲ್ಲ ಮಾರಾಯ. ಊಟದ ಡೇರೆಗೆ ರಾಕೆಟ್ ಬಿತ್ತು. ಸಾಲಲ್ಲಿ ನಿಂತವರಲ್ಲಿ ಎಷ್ಟು ಜನ... ನಾನು ಮೇಜಿನ ಅಡಿಗೆ ಬಿದ್ದು ಚಡ್ಡಿಯಲ್ಲೇ ಉಚ್ಚೆ ಹೊಯ್ದಿದ್ದೆ. ನನಗೆ ಬಟ್ಟೆ ಕಟ್ಟಿದ ಆ ಮನುಷ್ಯನನ್ನು ಸೈನ್ಯ ಹೋಗುವಾಗ ಗೇಟಿನ ಹೊರಗೇ ಬಿಟ್ಟು ಬಂದ್ವಿ. ಅವ ಎಂತ ಹೇಳಿದ ಗೊತ್ತುಂಟಾ? ಹೋಗಿ ಉಸ್ತಾದ್, ಇವರು ಮತ್ತೆ ಬರ್ತಾರೆ, ನಮ್ಮ ಈರುಳ್ಳಿ ಇವರಿಗೆ ಅಭ್ಯಾಸ ಆಗಿದೆ ಅಂದ.’ ಮನೀಶನ ಬೆರಳು ಗೆರೆಯ ಉದ್ದಕ್ಕೂ ಹೋಗಿ ಮೊಣಕೈಯಲ್ಲಿ ನಿಂತಿತು. ಎಷ್ಟೋ ವರ್ಷದ ಮೇಲೆ ರಮಾನಾಥನಿಗೆ ಎದೆ ಹಗುರವಾಯಿತು. ಮಾತಾಡುವುದು ಇಷ್ಟು ಸುಲಭವಿತ್ತೇ, ಛೆ! ‘ಬಾ,’ ಎಂದ, ‘ಪಾಸ್‌ಪೋರ್ಟ್ ತಕ್ಕೊಂಡು ಬರುವ. ನಾನೇ ಹೇಳ್ತೇನೆ. ನನ್ನ ಕೆಲಸ ಹೋದ್ರೆ ಹೋಗ್ಲಿ.’ ಬಂದ ದಾರಿಯಲ್ಲೇ ಇಬ್ಬರೂ ತಿರುಗಿ ನಡೆದರು, ಮಾಮನ ಮೊಣಕೈ ಅಳಿಯನ ಕೈಯಲ್ಲೇ ಇತ್ತು.

ಮನೀಶನನ್ನು ಕೆಳಗೆ ನಿಲ್ಲಿಸಿ ರಮಾನಾಥ ಮೆಟ್ಟಿಲು ಹತ್ತಿದ. ಸ್ನೇಹಲ್ ಎಲ್ಲ ಕೇಳಿ ಮೊದಲು ನಕ್ಕಳು. ಬೈಯುತ್ತಾಳೆ, ಕೆಲಸದಿಂದ ತೆಗೆಯುತ್ತಾಳೆ ಎಂದೆಲ್ಲ ಎದೆ ಗಟ್ಟಿಮಾಡಿಕೊಂಡು ಬಂದವನಿಗೆ ಆ ನಗುವೇ ಕೆನ್ನೆಗೆ ಬಾರಿಸಿದಂತಾಯಿತು. ‘ಅರೇ ಮಾಮಾ, ನಮಕ್ ಕಿಸ್ಕಾ ಥಾ, ಕ್ಲೈಂಟ್ ಕೋ ಕ್ಯಾ ಫರಕ್ ಪಡತಾ ಹೈ?’ ಎಂದಳು, ಉಪ್ಪು ಯಾರದಾದರೆ ಅವನಿಗೇನು ಎಂಬಂತೆ. ಕಟ್ಟಿನಿಂದ ಮನೀಶನ ಪಾಸ್‌ಪೋರ್ಟು ಎಳೆದು ಮೇಜಿನ ಮೇಲಿಟ್ಟಳು, ಬೆರಳು ಮಾತ್ರ ಅದರ ಮೇಲಿಂದ ತೆಗೆಯಲಿಲ್ಲ. ನಿಮ್ಮ ಭಾಂಜಾ, ನಿಮ್ಮ ಮನೆಯ ವಿಷಯ, ಬೇಕಾದರೆ ಒಯ್ಯಿರಿ. ಆದರೆ ಒಂದು ಸೀಟೂ ಖಾಲಿ ಹೋಗುವಂತಿಲ್ಲ, ಇನ್ನು ಅರ್ಧ ಗಂಟೆಯಲ್ಲಿ ಆ ಮನುಷ್ಯ ಏರ್‌ಪೋರ್ಟಿಗೆ ಹೊರಡುತ್ತಾನೆ, ಹತ್ತು ಅಂದರೆ ಹತ್ತು. ‘ಆಪ್‌ಕಾ ಸ್ಟ್ಯಾಂಡ್‌ಬೈ ನೀಚೇ ಬೈಠಾ ಹೈ ನಾ? ಉಸ್ಕಾ ಪಾಸ್‌ಪೋರ್ಟ್ ಲೇಕೆ ಆವೋ, ಯೇ ಲೇಕೆ ಜಾವೋ.’ ಭೀಮರಾಯನ ಪಾಸ್‌ಪೋರ್ಟು ತಂದರೆ ಮನೀಶನದು ವಾಪಸು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಂಜೆಯ ಲೋಕಲ್ ತಪ್ಪೀತೆಂಬ ಅವಸರ ಮಾತ್ರ ಇತ್ತು. ರಮಾನಾಥನಿಗೆ ತಕ್ಷಣ ಆದದ್ದು ಸಂತೋಷ. ಭೀಮರಾಯನಿಗೆ ಹೋಗಬೇಕೆಂಬ ಆಸೆ ಇದೆ, ಮನೀಶನಿಗಿಲ್ಲ. ಎಷ್ಟು ಸುಲಭವಾಗಿ ಹೊಂದಿಕೊಂಡಿತು! ಮೆಟ್ಟಿಲು ಇಳಿಯುತ್ತ ಆ ಸಂತೋಷವನ್ನು ಅವನು ಗುರುತು ಹಿಡಿದ. ಬೆಳಿಗ್ಗೆ ಟೀವಿಯ ಮುಂದೆ, ಮನೀಶನ ಮುಖಕ್ಕಿಂತ ಮೊದಲು ಬಂದದ್ದು ಇದೇ.

ಭೀಮರಾಯ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ. ಎದುರಿಗೆ ಬುತ್ತಿ ಬಿಚ್ಚಿಕೊಂಡು ಅವನ ತಾಯಿ ಬಸಲಿಂಗವ್ವ. ಹತ್ತಿರದ ಚಾಳಿನಿಂದ ನಡೆದೇ ಬಂದಿದ್ದಳು. ಸುದ್ದಿ ಹೇಳಿದ್ದೇ ತಡ, ಭೀಮರಾಯ ತುತ್ತನ್ನು ಹಾಗೇ ಬಿಟ್ಟು ಎದ್ದ. ‘ಖರೇನ್ರಿ ಸರ? ನಾ ಹೇಳ್ಲಿಲ್ಲೇನಬೇ, ಕೂತಿದ್ರ ಕರೀತಾರಂತ!’ ಎಂದು ಚೀಲಕ್ಕೆ ಕೈ ಹಾಕಿದ. ಬಸಲಿಂಗವ್ವ ಮಗನ ಮುಂಗೈ ಹಿಡಿದಳು. ಹಿಡಿದುಕೊಂಡೇ ರಮಾನಾಥನ ಕಡೆ ಮುಖ ಎತ್ತಿದಳು. ‘ತಡೀ ತಮ್ಮಾ. ಸಾಹೇಬ್ರ, ಮುಂಜಾನೆ ಬಾಜೂ ಮನೀ ಟೀವ್ಯಾಗ ಏನೋ ಹೊಗಿ ತೋರ್ಸಾಕತ್ತಿದ್ರು. ಇಂವ ಹೋಗೂದು ಅದ ಜಾಗಾ ಅಂತಾರ. ಇಂವಗ ತಿಳ್ಯಂಗಿಲ್ಲ, ಕುದರಿಗತೆ ಓಡತಾನ. ನೀವು ಅಲ್ಲಿ ಇದ್ದು ಬಂದೋರಂತ. ನೀವು ಹೂಂ ಅಂದ್ರ ಕಳಸ್ತೀನ್ರಿ, ಬ್ಯಾಡಂದ್ರ ಬ್ಯಾಡ. ನಿಮ್ಮ ಮಾತ ಕಡೀದು.’

ಅವಳೂ ಬಾಯಿಯನ್ನೇ ನೋಡುತ್ತಿದ್ದಳು. ವಿನೋದಿನಿಯ ಅದೇ ನೋಟ, ಇನ್ನೊಂದು ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡ ರೀತಿಯೂ ಅದೇ. ರಮಾನಾಥ ಹೇಳಬೇಕಾದದ್ದು ಇಷ್ಟೇ. ಒಂದು ಮಾತು. ಬೇಡ ತಾಯಿ, ಕಳಿಸಬೇಡಿ, ಊಟದ ಡೇರೆಗೇ ಬೀಳುತ್ತದೆ. ಈಗಷ್ಟೇ ಬ್ರಿಡ್ಜಿನ ಮೇಲೆ ಬಾಯಿ ಬಿಟ್ಟು ಬಂದಿದ್ದಾನೆ, ಮಾತು ಇನ್ನೂ ನಾಲಿಗೆಯ ಮೇಲೇ ಇದೆ. ಹೇಳಿದರೆ ಈ ಹೆಂಗಸು ಮಗನ ಕೈ ಬಿಡುವುದಿಲ್ಲ. ಬಿಡದಿದ್ದರೆ ಮೇಲೆ ಸ್ನೇಹಲಳ ಬೆರಳು ಮನೀಶನ ಪಾಸ್‌ಪೋರ್ಟಿನ ಮೇಲಿಂದ ಏಳುವುದಿಲ್ಲ. ಐದು ಹೆಜ್ಜೆ ಆಚೆ, ಗೇಟಿಗೆ ಒರಗಿ, ಮನೀಶ ಎಲ್ಲ ಕೇಳಿಸಿಕೊಳ್ಳುತ್ತ ನಿಂತಿದ್ದ. ‘ಅಲ್ಲಿ ಊಟಕ್ಕೇನೂ ಕೊರತೆ ಇಲ್ಲ,’ ಎಂದಿತು ರಮಾನಾಥನ ಬಾಯಿ. ‘ಹಾಸಿಗೆ, ಬಿಸಿನೀರು, ಎಲ್ಲ ಉಂಟು.’ ಬಸಲಿಂಗವ್ವ ಕೇಳಿದ್ದು ಅದನ್ನಲ್ಲ. ಅವಳ ಕಣ್ಣು ಅವನ ಬಾಯಿಯಿಂದ ಇಳಿದು ತೋಳಿನ ಮೇಲೆ ನಿಂತಿತು. ಬ್ರಿಡ್ಜಿನ ಮೇಲೆ ಮಡಚಿದ ಅಂಗಿಯ ತೋಳನ್ನು ಇಳಿಸಲು ಅವನು ಮರೆತಿದ್ದ.

‘ಯವ್ವಾ, ಇದೇನ್ರೀ ಕೈಗೆ ಇಷ್ಟುದ್ದ?’ ಎಂದಳು. ‘ಅಲ್ಲೇ ಆದದ್ದೇನ್ರಿ?’

ಯಾರೋ ಮೇಲಿನಿಂದ ಮಾಮಾ ಎಂದು ಕೂಗಿದರು. ಸ್ನೇಹಲ್ ಇರಬೇಕು. ರಮಾನಾಥ ಆ ಹೆಂಗಸಿನ ಬೆರಳುಗಳನ್ನು ನೋಡಿದ; ರೊಟ್ಟಿ ತಟ್ಟಿ ತಟ್ಟಿ ತುದಿ ಚಪ್ಪಟೆಯಾದ ಬೆರಳುಗಳು, ಮಗನ ಮುಂಗೈಯನ್ನು ಬಿಗಿಯಾಗಿ ಸುತ್ತಿಕೊಂಡಿದ್ದವು.

‘ಎಣ್ಣೆ ತಾಯಿ,’ ಎಂದ. ‘ಪೂರಿ ಕರಿಯುವಾಗ.’

ಅವಳು ನಂಬಲಿಲ್ಲ. ನಂಬಬೇಕೆಂದಿದ್ದಳು, ಆದರೆ ಕಣ್ಣು ಆ ಗೆರೆಯ ಮೇಲೇ ಇತ್ತು. ಸುಟ್ಟ ಗಾಯ ಯಾವುದು, ಸೀಳಿದ್ದು ಯಾವುದು ಎಂದು ಒಲೆಯ ಮುಂದೆ ಜನ್ಮ ಕಳೆದವಳಿಗೆ ಹೇಳಿಕೊಡಬೇಕೇ? ಅಲ್ಲ ಎನ್ನುವವರು ಇನ್ನು ಯಾರಾದರೂ ಇದ್ದಾರೋ ಎಂಬಂತೆ ಆಚೀಚೆ ನೋಡಿದಳು. ಗೇಟಿನ ಬಳಿ ನಿಂತ ಹುಡುಗ ಕಂಡ. ‘ಹೌದೇನೋ ಯಪ್ಪಾ? ನೀ ಇವರ ಪೈಕಿ ಅಲ್ಲೇನು?’ ಎಂದು ಅವನನ್ನು ಕೇಳಿದಳು.

ಮನೀಶ ಮಾಮನ ಮುಖ ನೋಡಿದ. ರಮಾನಾಥ ಅವನ ಕಡೆ ತಲೆ ಎತ್ತಲಿಲ್ಲ. ಹೇಳು, ನೀನಾದರೂ ಹೇಳು ಎಂದು ಅಂದುಕೊಂಡನೋ, ಹೇಳಬೇಡ ಎಂದು ಅಂದುಕೊಂಡನೋ, ಅವನಿಗೇ ತಿಳಿಯಲಿಲ್ಲ.

‘ಹೌದು ಆಂಟಿ,’ ಎಂದ ಮನೀಶ. ‘ಎಣ್ಣೆನೇ.’

ಬಸಲಿಂಗವ್ವ ಮಗನ ಕೈ ಬಿಟ್ಟಳು. ಭೀಮರಾಯ ಪಾಸ್‌ಪೋರ್ಟನ್ನು ಪ್ಯಾಂಟಿಗೆ ಒರೆಸಿ, ಎರಡೂ ಕೈಯಿಂದ ರಮಾನಾಥನಿಗೆ ಕೊಟ್ಟ.